ಸುಬೇದಾರರ ಕೈಗೆ ಕಸಿ ಕಟ್ಟಿದ ಕಥೆ

ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಶ್ರೀನಿವಾಸಪುರದ ಹೊರಗಿರುವ ನಮ್ಮ ಮಾವಿನ ತೋಪಿಗೆ ಹತ್ತು ಹನ್ನೆರಡು ಹುಡುಗರು ಬರುತ್ತಾರೆ. ಎಲ್ಲರಿಗೂ ಸೇನೆಗೆ ಸೇರಬೇಕು. ಅದರಲ್ಲಿ ನಾಲ್ಕೈದು ಜನಕ್ಕೆ ಬರೀ ಸೇನೆ ಸಾಲದು, ವಿಶೇಷ ಪಡೆಯೇ ಬೇಕು. ಅದರಲ್ಲೂ ಇಬ್ಬರಿಗೆ ನನ್ನ ಹಾಗೆ ವಿಶೇಷ ಪಡೆಯ ಮೆಡಿಕ್ ಆಗಬೇಕು. ಮೆಡಿಕ್ ಅಂದರೆ ತಂಡದ ಜೊತೆಯಲ್ಲೇ ಬಂದೂಕು ಹೊತ್ತು ಓಡುವವನು, ಅವರ ಜೊತೆಯಲ್ಲೇ ವಿಮಾನದಿಂದ ಹಾರುವವನು, ಯಾರಿಗಾದರೂ ಪೆಟ್ಟಾದರೆ ಡಾಕ್ಟರ ಕೈಗೆ ಒಪ್ಪಿಸುವ ತನಕ ಅವನ ಜೀವ ಹಿಡಿದಿಡುವವನು.

ಹುಡುಗರು ಮೊಬೈಲಿನಲ್ಲಿ ಏನೇನೋ ನೋಡಿಕೊಂಡು ಬಂದಿರುತ್ತಾರೆ.

“ಸಾರ್, ಹಾವು ತಿನ್ನಿಸ್ತಾರಂತೆ, ನಿಜಾನಾ?”

“ಹಾವು ಇಲ್ಲ ಕಣ್ರೋ. ಮೂರು ತಿಂಗಳು ಸೋರೆಕಾಯಿ ಪಲ್ಯ ತಿನ್ನಿಸ್ತಾರೆ. ಅದಕ್ಕೆ ತಯಾರಿದ್ದೀರಾ?” ಎಂದು ಕೇಳುತ್ತೇನೆ. ಇಬ್ಬರ ಮುಖ ಬಾಡುತ್ತದೆ. ಹಾವಾಗಿದ್ದರೆ ಊರಿಗೆ ಬಂದು ಹೇಳಿಕೊಳ್ಳಬಹುದಿತ್ತಲ್ಲ.

ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ಪಟ್ಟಿ ಪಿಂಚಣಿ ಕಾಗದದಲ್ಲಿದೆ, ಬೇಕಾದವರು ಬಂದು ನೋಡಬಹುದು. ಕಾರ್ಯಾಚರಣೆಗಳ ಬಗ್ಗೆ ನಾನು ಹೇಳುವಂತಿಲ್ಲ. ಹೇಳುವಂತಿದ್ದರೂ ನಿಮಗೆ ನಿರಾಸೆಯಾಗುತ್ತಿತ್ತು, ಯಾಕೆಂದರೆ ಮೆಡಿಕ್ಕಿನ ಕೆಲಸದಲ್ಲಿ ಮುಕ್ಕಾಲು ಪಾಲು ಕಾಲಿನ ಬೊಬ್ಬೆ ಮತ್ತು ಭೇದಿ. ಹಾಗಾಗಿ ಪಡೆಗೆ ಸೇರಿದ್ದು ಹೇಗೆ ಎಂಬುದನ್ನಷ್ಟೇ ಹೇಳುತ್ತೇನೆ. ಸೇರುವುದಕ್ಕೆ ಮುಂಚೆ ನನ್ನನ್ನು ಒಂದು ಸಲ ಹೊರಗೆ ಹಾಕಿದರು. ಅದನ್ನೂ ಹೇಳುತ್ತೇನೆ.

ಮೊದಲನೆಯ ಮಾತು ಕಿವಿಯದು. ಈಗ ಭರ್ತಿಯ ಕ್ರಮ ಬದಲಾಗಿದೆ. ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ, ಆಮೇಲೆ ಓಟ. ನಮ್ಮ ಕಾಲದಲ್ಲಿ ಮೊದಲು ಓಡಿಸಿ, ಉಳಿದವರನ್ನು ಮಾತ್ರ ಕೂರಿಸಿ ಬರೆಸುತ್ತಿದ್ದರು. ಆದರೆ ಅಂದಿಗೂ ಇಂದಿಗೂ ಬದಲಾಗದೇ ಇರುವುದು ಕಿವಿ. ನನ್ನ ಜೊತೆ ಮುಳಬಾಗಿಲಿನಿಂದ ಬಂದಿದ್ದ ಒಬ್ಬ ಕುದುರೆಯ ಹಾಗೆ ಓಡಿದ, ಹಳ್ಳ ಹಾರಿದ, ಕಂಬಿಗೆ ನೇತಾಡಿದ. ಕೊನೆಗೆ ಡಾಕ್ಟರು ಅವನ ಕಿವಿಗೆ ಬೆಳಕು ಬಿಟ್ಟು ನೋಡಿ, “ಗುಗ್ಗೆ ಇದೆ, ಆಚೆ ನಿಲ್ಲು” ಅಂದರು. ಎರಡು ವರ್ಷದ ಓಟ ಚಿಟಿಕೆ ಗುಗ್ಗೆಗೆ ನಿಂತುಹೋಯಿತು. ಭರ್ತಿಗೆ ಮುಂಚೆ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿ. ಬೆಂಕಿಕಡ್ಡಿ ಹಾಕಿಕೊಂಡು ಕೆದಕಬೇಡಿ.

ಎರಡನೆಯದು ಭಾರ ಎತ್ತುವುದು. ನನಗೆ ಜಿಮ್ಮು ಅಂದರೆ ಕೋಲಾರದ ಟೊಮೇಟೊ ಮಾರುಕಟ್ಟೆ. ನನ್ನ ಗೆಳೆಯ ಚಲಪತಿಯ ಮಾವನದು ಅಲ್ಲೊಂದು ಮಂಡಿ ಇತ್ತು. ಬೆಳಿಗ್ಗೆ ಹೋಗಿ ಲಾರಿಗೆ ಕ್ರೇಟು ತುಂಬುತ್ತಿದ್ದೆ. ಮೊದಲ ದಿನವೇ ಒಬ್ಬ ಹಮಾಲಿ ನನ್ನನ್ನು ನೋಡಿ ಗದರಿದ: “ಬೆನ್ನಲ್ಲಿ ಎತ್ತಬ್ಯಾಡ ಕಣಪ್ಪ, ತೊಡೇಲಿ ಎತ್ತು. ಬೆನ್ನು ಹೋದ್ರೆ ನಿನ್ನೇ ಕ್ರೇಟ್ನಾಗೆ ಹಾಕಿ ಕಳಿಸ್ಬೇಕಾಯ್ತದೆ.” ಆಮೇಲೆ ಸೇನೆಯಲ್ಲಿ ದೊಡ್ಡ ದೊಡ್ಡ ತರಬೇತುದಾರರು ಬಂದು ಇದನ್ನೇ ನಕ್ಷೆ ಬಿಡಿಸಿ ಹೇಳಿದರು. ನನಗೆ ಹಮಾಲಿ ಹೇಳಿದ್ದೇ ತಲೆಯಲ್ಲಿ ನಿಂತಿದೆ.

ಮನೆಯಲ್ಲಿ ಆಗ ಎರಡು ಪಕ್ಷ. ಅಪ್ಪ ಕುರುಡುಮಲೆ ಗಣಪತಿಗೆ ನಾನು ಪಾಸಾಗಲಿ ಎಂದು ಹರಕೆ ಹೊತ್ತಿದ್ದರು. ಅಮ್ಮ ಅದೇ ಗಣಪತಿಗೆ ನಾನು ಫೇಲಾಗಲಿ ಎಂದು ಹರಕೆ ಹೊತ್ತಿದ್ದಳು. ಪಕ್ಕದ ಊರಿನ ಹುಡುಗನೊಬ್ಬನನ್ನು ನಿಂತಾಗ ಮೊಣಕಾಲು ಒಂದಕ್ಕೊಂದು ತಾಗುತ್ತವೆ ಎಂದು ವಾಪಸು ಕಳಿಸಿದ್ದರಂತೆ. “ನನ್ನ ಮಗನ ಮೊಣಕಾಲೂ ತಾಗ್ಲಿ ಸ್ವಾಮಿ” ಎಂದು ಅಷ್ಟು ದೊಡ್ಡ ದೇವರ ಮುಂದೆ ನಿಂತು ಕೇಳಿಕೊಂಡಿದ್ದಳು. ನನ್ನ ಮೊಣಕಾಲು ತಾಗಲಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ್ದೆ, ನರ್ಸಿಂಗ್ ಅಸಿಸ್ಟೆಂಟ್ ಎಂದು ಆಯ್ಕೆಯಾದೆ. ಅಮ್ಮ, “ನಿಮ್ಮಪ್ಪ ನನಗಿಂತ ದಪ್ಪ ಕಾಯಿ ಒಡಿಸ್ದ, ಅದಕ್ಕೇ” ಎಂದು ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಳು.

ಅಪ್ಪನ ಕಸುಬು ಇಲ್ಲಿ ಹೇಳಲೇಬೇಕು. ಅವರು ಮಾವಿನ ಕಸಿ ಕಟ್ಟುವವರು. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅವರು ಕಟ್ಟಿದ ಬಾದಾಮಿ, ಮಲ್ಲಿಕಾ ಗಿಡಗಳು ಈಗಲೂ ಹಣ್ಣು ಬಿಡುತ್ತಿವೆ. ನಾಟಿ ಗಿಡದ ತುದಿ ಸೀಳಿ, ಒಳ್ಳೆ ಜಾತಿಯ ಕಡ್ಡಿ ಚೂಪು ಮಾಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಒಂದೊಂದು ಸುತ್ತೂ ಹಿಂದಿನ ಸುತ್ತನ್ನು ಅರ್ಧ ಮುಚ್ಚಬೇಕು, ಗಾಳಿ ನುಸುಳಬಾರದು. ಮೇಲೊಂದು ಪ್ಲಾಸ್ಟಿಕ್ ಟೋಪಿ. ಎಂಟು ವರ್ಷದವನಿದ್ದಾಗಿನಿಂದಲೇ ನಾನು ಕಟ್ಟುತ್ತಿದ್ದೆ. ಕಟ್ಟಿದ್ದನ್ನು ಬೆರಳಿನಿಂದ ಅಲುಗಿಸಿ ನೋಡಿದಾಗಲೆಲ್ಲ ಅಪ್ಪ ತಲೆಗೆ ಮೊಟಕುತ್ತಿದ್ದರು: “ಮುಟ್ಟಬ್ಯಾಡ ಕಣ್ಲಾ, ಹಿಡ್ಕೊಳ್ಳುತ್ತೆ.”

ಸೇನೆಯ ತರಬೇತಿಯಲ್ಲಿ ಬ್ಯಾಂಡೇಜು ಕಟ್ಟುವ ದಿನ ಬಂದಾಗ ಉಳಿದವರು ಒದ್ದಾಡುತ್ತಿದ್ದರು. ನನ್ನದು ಐದು ನಿಮಿಷದಲ್ಲಿ ಮುಗಿಯಿತು. ಹವಾಲ್ದಾರರು ನನ್ನ ಕಟ್ಟನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಅದು ನನ್ನ ಜೀವನದ ಅತ್ಯಂತ ಅಪಾಯದ ಹೊಗಳಿಕೆ ಎಂದು ಆಗ ಗೊತ್ತಿರಲಿಲ್ಲ. ಎರಡು ವರ್ಷ ಸೇನೆಯ ಆಸ್ಪತ್ರೆಯಲ್ಲಿ ಅದೇ ಪೊಗರಿನಲ್ಲಿ ಕಟ್ಟಿದೆ. ಅಲ್ಲಿ ಹಿಂದೆಯೇ ಬಂದು ಪರೀಕ್ಷಿಸುವ ಸಿಸ್ಟರುಗಳಿದ್ದರು. ಬಿಗಿಯಾದದ್ದನ್ನು ಅವರೇ ಸಡಿಲಿಸಿಬಿಡುತ್ತಿದ್ದರು ಎಂದು ಈಗ ನನಗೆ ಅನುಮಾನ.

ವಿಶೇಷ ಪಡೆಗೆ ಮೆಡಿಕ್ ಬೇಕು ಎಂದು ಪ್ರಕಟಣೆ ಬಂದಾಗ ಹೆಸರು ಕೊಟ್ಟೆ. ದೇಶಭಕ್ತಿ ಇತ್ತು, ಸುಳ್ಳಲ್ಲ. ಆದರೆ ಆಸ್ಪತ್ರೆಯ ಬೆಡ್‌ಪ್ಯಾನುಗಳಿಂದ ತಪ್ಪಿಸಿಕೊಳ್ಳುವ ಆಸೆಯೂ ಅಷ್ಟೇ ಇತ್ತು. ಅಲ್ಲಿ ಮೊದಲು ಮೂರು ತಿಂಗಳು ಪ್ರೊಬೇಷನ್, ಅಂದರೆ ಇವನು ನಮಗೆ ಆಗುತ್ತಾನಾ ಎಂದು ನೋಡುವ ಕಾಲ. ಎಲ್ಲರೂ ಹೊರುವ ಚೀಲ, ಬಂದೂಕು ನಾವೂ ಹೊರಬೇಕು, ಅದರ ಮೇಲೆ ಔಷಧಿ ಚೀಲ. ದಿನ ಕಳೆದಂತೆ ಉಳಿದವರ ಚೀಲ ಹಗುರವಾಗುತ್ತದೆ, ತಿಂದು ಮುಗಿಸುತ್ತಾರೆ. ನಮ್ಮದು ಹಾಗೇ ಇರುತ್ತದೆ. ಹಾಗೇ ಇರಲಿ ಎಂದು ದೇವರನ್ನು ಬೇಡಿಕೊಳ್ಳುವುದೂ ನಾವೇ. ಇಪ್ಪತ್ತು ಮೂವತ್ತು ಕಿಲೋಮೀಟರು ನಡೆದು ಬಂದು ಎಲ್ಲರೂ ಬೂಟು ಬಿಚ್ಚಿ ಮಲಗಿದಾಗ ಮೆಡಿಕ್ಕಿನ ಕೆಲಸ ಶುರು. ಒಂದೊಂದೇ ಪಾದ ತೊಡೆಯ ಮೇಲೆ ಇಟ್ಟುಕೊಂಡು ನೋಡಬೇಕು. ಆ ಪಾದಗಳ ವಾಸನೆಯನ್ನು ಯಾವ ಭರ್ತಿ ಜಾಹೀರಾತಿನಲ್ಲೂ ಹಾಕುವುದಿಲ್ಲ.

ನಮ್ಮ ತಂಡದ ಹಿರಿಯರು ಸುಬೇದಾರ್ ರೆಡ್ಡೆಪ್ಪ. ಪಲಮನೇರಿನ ಕಡೆಯವರು, ಅಂದರೆ ನಮ್ಮ ಮುಳಬಾಗಿಲು ದಾಟಿದರೆ ಅವರ ಊರು. ಹಿಂದಿಯ ನಡುವೆ ನನಗೆ ಸಿಕ್ಕಿದ ಒಂದೇ ಒಂದು ಮನೆ ಮಾತು. ತೆಲುಗು ಕನ್ನಡ ಎರಡನ್ನೂ ಒಂದೇ ಗಂಗಾಳದಲ್ಲಿ ಕಲಸಿ ಮಾತಾಡುತ್ತಿದ್ದರು. ಎಲ್ಲರೂ ಅವರನ್ನು ಸಾಬ್ ಎನ್ನುತ್ತಿದ್ದೆವು. ಊರಿನವನು ಎಂದು ನನಗೆ ರಿಯಾಯಿತಿ ಸಿಗಬಹುದು ಅಂದುಕೊಂಡಿದ್ದೆ. ಸಿಕ್ಕಿದ್ದು ಇಷ್ಟೇ: ಬೈಯುವಾಗ ನನಗೆ ಎರಡು ಭಾಷೆಯಲ್ಲಿ ಬೈಯುತ್ತಿದ್ದರು.

ಪ್ರೊಬೇಷನ್ನಿನ ಕೊನೆಯ ವಾರ ಒಂದು ಬೆಟ್ಟದಲ್ಲಿ ಅಭ್ಯಾಸ. ಸಂಜೆ ಇಳಿಯುವಾಗ ರೆಡ್ಡೆಪ್ಪನವರ ಅಂಗೈ ಬಂಡೆಯ ಚೂಪಿಗೆ ಸಿಕ್ಕಿ ಸೀಳಿತು, ರಕ್ತ ಧಾರೆಯಾಗಿ ಬಂತು. ಆಸ್ಪತ್ರೆಯ ಆಚೆ ನನಗೆ ಸಿಕ್ಕ ಮೊದಲ ನಿಜವಾದ ಗಾಯ. ತೊಳೆದು, ಒತ್ತಿ ಹಿಡಿದು, ಕಟ್ಟಿದೆ. ಏನು ಕಟ್ಟು ಅದು! ಮಣಿಕಟ್ಟಿನಿಂದ ಶುರುಮಾಡಿ ಒಂದೊಂದು ಸುತ್ತೂ ಹಿಂದಿನದರ ಅರ್ಧ ಮುಚ್ಚುವ ಹಾಗೆ ಮೇಲಕ್ಕೆ ಹೋದೆ. ಮಣ್ಣು ತಾಗದಿರಲಿ ಎಂದು ಬೆರಳ ತುದಿಗಳನ್ನೂ ಸೇರಿಸಿ ಮುಚ್ಚಿ ಟೋಪಿ ಹಾಕಿದೆ. ಗಾಯಕ್ಕೆ ಕಟ್ಟುವಾಗ ಬೆರಳ ತುದಿ ಕಾಣುವಂತೆ ಬಿಡಬೇಕು. ರಕ್ತ ಓಡಾಡುತ್ತಿದೆಯೇ ಎಂದು ನೋಡುವುದಕ್ಕೆ ಇರುವ ಕಿಟಕಿ ಅದೊಂದೇ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಕೈಗೆ ಗೊತ್ತಿದ್ದದ್ದು ಮಾವಿನ ಗಿಡ.

“ಬಿಗಿಯಾಯ್ತು ಕಣೋ ಅಬ್ಬಾಯಿ” ಅಂದರು ರೆಡ್ಡೆಪ್ಪ.

“ಬಿಗಿ ಇದ್ರೇನೇ ಸಾಬ್ ಸರಿ.”

ಒಂದು ಗಂಟೆ ಬಿಟ್ಟು ಮತ್ತೆ ಕರೆದರು. “ಏಮಿರಾ, ಜುಮ್ ಜುಮ್ ಅಂತೈತೆ. ಒಂದ್ಸಲ ಬಿಚ್ಚಿ ನೋಡು.”

ನಾನು ನಮ್ಮಪ್ಪನ ಹಾಗೆ ಗಾಂಭೀರ್ಯದಿಂದ ಹೇಳಿದೆ: “ಮುಟ್ಟಬೇಡಿ ಸಾಬ್. ಹಿಡ್ಕೊಳ್ಳುತ್ತೆ.”

ಏನು ಹಿಡಿದುಕೊಳ್ಳುತ್ತೆ ಎಂದು ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಬೆಳಗಾದಾಗ ಪಡೆಯ ಡಾಕ್ಟರು ಬಂದರು; ಕ್ಯಾಪ್ಟನ್ನರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ರೆಡ್ಡೆಪ್ಪನವರ ಕೈ ನೋಡಿ, ಈ ಪಾರ್ಸಲ್ಲು ಯಾರು ಕಟ್ಟಿದ್ದು ಎಂದು ಹಿಂದಿಯಲ್ಲಿ ಕೇಳಿದರು. ಹೊಗಳುತ್ತಾರೆ ಎಂದುಕೊಂಡು ನಾನು ಕೈ ಎತ್ತಿದೆ. ಅವರು ಕತ್ತರಿ ಹಾಕಿ ಬಿಡಿಸಿದರು. ಐದು ಬೆರಳೂ ಊದಿ ನೇರಳೆ ಬಣ್ಣಕ್ಕೆ ತಿರುಗಿದ್ದವು. ಇಷ್ಟು ದೊಡ್ಡ ಸೈನಿಕನ ಬಂದೂಕು ಹಿಡಿಯುವ ಕೈಯನ್ನು ಯಾವ ಶತ್ರುವೂ ಇಲ್ಲದೆ ನಾನೊಬ್ಬನೇ ಕಳೆದುಬಿಟ್ಟೆ ಅಂದುಕೊಂಡೆ.

ಪುಣ್ಯಕ್ಕೆ ಮಧ್ಯಾಹ್ನದ ಹೊತ್ತಿಗೆ ಬಣ್ಣ ತಿರುಗಿತು, ಊತ ಇಳಿಯಿತು. ಕಿರುಬೆರಳು ಮಾತ್ರ ಬಹಳ ದಿನ ಮರಗಟ್ಟಿಕೊಂಡೇ ಇತ್ತು. ಡಾಕ್ಟರು ನನಗೆ ಶಿಕ್ಷೆ ಕೊಟ್ಟರು: ಇನ್ನು ಪ್ರೊಬೇಷನ್ ಮುಗಿಯುವ ತನಕ ಕ್ಯಾಂಪಿನಲ್ಲಿರುವ ಪ್ರತಿಯೊಬ್ಬನ ಉಗುರನ್ನೂ ದಿನಕ್ಕೆ ಮೂರು ಸಲ ಒತ್ತಿ ನೋಡಬೇಕು. ಉಗುರು ಒತ್ತಿ ಬಿಟ್ಟರೆ ಬಿಳಿಚಿದ್ದು ಎರಡು ಎಣಿಸುವಷ್ಟರಲ್ಲಿ ಕೆಂಪಾಗಬೇಕು. ಹಾಗೆ ಕೆಂಪಾದರೆ ರಕ್ತ ಸರಿಯಾಗಿ ಓಡುತ್ತಿದೆ ಎಂದರ್ಥ. ನಾನು ಊಟದ ಸಾಲಿನಲ್ಲಿ ಒತ್ತಿದೆ, ಪಾಯಿಖಾನೆಯ ಸಾಲಿನಲ್ಲಿ ಒತ್ತಿದೆ. ಅಡುಗೆಯವನು ಹಿಟ್ಟು ಕಲಸುವಾಗ ಒತ್ತಿದೆ. ಕಮಾಂಡಿಂಗ್ ಆಫೀಸರು ಗಡ್ಡ ಹೆರೆಯುತ್ತಿದ್ದಾಗ ಹೋಗಿ ಸಲ್ಯೂಟ್ ಹೊಡೆದು, “ಸರ್, ನಿಮ್ಮ ಉಗುರು” ಎಂದು ಕೇಳಿದೆ. ಅವರು ಕನ್ನಡಿಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿದರು. ಮೂರನೆಯ ದಿನಕ್ಕೆ ನಾನು ದೂರದಲ್ಲಿ ಕಂಡರೆ ಸಾಕು, ಜನ ಕೈ ಮುಂದೆ ಮಾಡಿಕೊಂಡು ನಿಲ್ಲುತ್ತಿದ್ದರು.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು, ಯಾವ ನಿಯಮ ಪುಸ್ತಕದಲ್ಲೂ ಇಲ್ಲದ್ದು. ಕೊನೆಯ ದಿನ ಹಳಬರೆಲ್ಲ ಹೊಸಬನ ಬಗ್ಗೆ ಚೀಟಿಯಲ್ಲಿ ‘ಬೇಕು’ ಅಥವಾ ‘ಬೇಡ’ ಎಂದು ಬರೆದು ಟೋಪಿಯೊಳಗೆ ಹಾಕುತ್ತಿದ್ದರು. ಬೇರೆಯವರಿಗಾದರೆ ‘ಬೇಕು’ ಜಾಸ್ತಿ ಇದ್ದರೆ ಸಾಕು. ಮೆಡಿಕ್ಕಿಗೆ ಮಾತ್ರ ಒಂದೇ ಒಂದು ‘ಬೇಡ’ ಬಂದರೂ ಮುಗಿಯಿತು.

ಹತ್ತು ‘ಬೇಕು’ ಬಂತು. ಒಂದು ‘ಬೇಡ’.

ಯಾರದು ಎಂದು ನಾನು ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ರೆಡ್ಡೆಪ್ಪನವರೇ ನಾನು ಚೀಲ ಕಟ್ಟುತ್ತಿದ್ದ ಕಡೆ ಬಂದು ಎದುರಿಗೆ ಕೂತರು. “ಅದು ನಂದೇ. ನಿನ್ಮೇಲೆ ಕೋಪ ಇಲ್ಲ ರಾ. ನಾನಾದ್ರೆ ಬಿಗಿಯಾಯ್ತು ಅಂತ ಎರಡು ಸಲ ಹೇಳ್ದೆ, ನೀನು ಕೇಳ್ಲಿಲ್ಲ. ನಾಳೆ ಪ್ರಜ್ಞೆ ಇಲ್ದೋನು ಬಿದ್ದಿರ್ತಾನೆ, ಅವನು ಏನಂತ ಹೇಳ್ತಾನೆ? ಅವನ ಚೀಟಿ ನಾನು ಬರ್ದೆ.” ಎದ್ದು ಹೋಗುವಾಗ, “ಮತ್ತೆ ಬಾ. ಬರ್ಲಿಲ್ಲ ಅಂದ್ರೆ ನಂಗೆ ಬೇಜಾರಾಗ್ತದೆ” ಅಂದರು.

ನಾನು ಅತ್ತೆ. ಮುಚ್ಚಿಡುವುದೇನಿದೆ. ರೈಲಿನಲ್ಲಿ ಅಳುತ್ತಲೇ ರಜೆಗೆ ಊರಿಗೆ ಬಂದೆ.

ಅಮ್ಮ ಬಾಗಿಲಲ್ಲೇ ವಿಷಯ ಕೇಳಿ ಹಿಗ್ಗಿಹೋದಳು. ದೇವರು ತಡವಾಗಿಯಾದರೂ ತನ್ನ ಅರ್ಜಿ ತೆಗೆದು ನೋಡಿದ ಎಂದು ಮಾರನೆಯ ದಿನವೇ ಕುರುಡುಮಲೆಗೆ ಹೋಗಿ ಕಾಯಿ ಒಡೆಸಿಕೊಂಡು ಬಂದು ನನಗೇ ಪ್ರಸಾದ ಕೊಟ್ಟಳು. ಅಪ್ಪ ಎರಡು ದಿನ ಬಿಟ್ಟು ಬೆಳಿಗ್ಗೆ ಕಸಿ ಗಿಡಗಳ ಹತ್ತಿರ ಕರೆದುಕೊಂಡು ಹೋಗಿ, ಏನಾಯಿತು ಎಂದು ಕೇಳಿದರು. ಎಲ್ಲ ಹೇಳಿದೆ. ಕೊನೆಗೆ ಸ್ವಲ್ಪ ಸಿಟ್ಟಿನಿಂದಲೇ, “ನೀನೇ ಅಲ್ವಾ ಹೇಳಿಕೊಟ್ಟಿದ್ದು, ಕಟ್ಟಿದ ಮೇಲೆ ಮುಟ್ಟಬೇಡ ಅಂತ?” ಅಂದೆ.

ಅಪ್ಪನಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. “ಮುಟ್ಟಬ್ಯಾಡ ಅಂದೆ. ನೋಡಬ್ಯಾಡ ಅಂತ ಯಾವತ್ತು ಅಂದ್ನಲಾ?”

ಆಮೇಲೆ ಕೈ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೂ ನಡೆಯಲು ಶುರುಮಾಡಿದರು. ಪ್ರತಿ ಗಿಡದ ಮುಂದೆ ಬಗ್ಗುವರು, ಪ್ಲಾಸ್ಟಿಕ್ಕಿನೊಳಗೆ ಇಣುಕುವರು. ಇಲ್ಲಿ ಕಡ್ಡಿ ಹಸಿರಾಗಿದೆ, ಇಲ್ಲಿ ಮೊಗ್ಗು ಊದಿದೆ, ಇಲ್ಲಿ ಕಪ್ಪಾಗುತ್ತಿದೆ, ಇದು ಹೋಯಿತು. ಒಂದಕ್ಕೂ ಬೆರಳು ತಾಗಿಸಲಿಲ್ಲ. ಆಗ ನೆನಪಾಯಿತು, ನಾನು ಹುಟ್ಟಿದಾಗಿನಿಂದ ಅವರು ಹಲ್ಲುಜ್ಜುತ್ತಾ ಓಡಾಡುತ್ತಿದ್ದದ್ದು ಈ ಸಾಲುಗಳಲ್ಲೇ. ಬೆಳಗಿನ ವಾಯುವಿಹಾರ ಎಂದು ನಾನು ತಿಳಿದಿದ್ದೆ. ದಿನಾ ನೂರಾರು ಗಿಡ ನೋಡುತ್ತಿದ್ದರು.

“ಗಿಡಕ್ಕೆ ಬಾಯಿಲ್ಲ, ಅದಕ್ಕೇ ಹೊತ್ತಾರೆ ಎದ್ದು ನೋಡ್ತೀನಿ. ನಿಮ್ಮ ಸಾಬ್ರಿಗೆ ಬಾಯಿತ್ತು, ಹೇಳಿದ್ರು. ಆದ್ರೂ ನೀನು ನೋಡ್ಲಿಲ್ಲ. ಮಾಲಿ ಮಗ ಅಂತ ಹೇಳ್ಕೋಬ್ಯಾಡ ಅವರ ಮುಂದೆ, ನನ್ನ ಮಾನ ಹೋಗ್ತದೆ” ಎಂದು ಹೇಳಿ ಮನೆ ಕಡೆ ಹೊರಟರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಎಷ್ಟೋ ಕೋರ್ಸು ಮಾಡಿದ್ದೇನೆ. ಅಷ್ಟು ನಾಚಿಕೆ ಮತ್ತು ಅಷ್ಟು ವಿದ್ಯೆ ಒಟ್ಟಿಗೆ ಬೇರೆಲ್ಲೂ ಸಿಗಲಿಲ್ಲ.

ಮರುದಿನದಿಂದ ಎರಡನೆಯ ತಯಾರಿ. ಮೊದಲ ಸಲ ಕಾಲಿಗೆ ಮಾಡಿದ್ದೆ, ಈ ಸಲ ಕಣ್ಣಿಗೆ. ಚಲಪತಿ ಆಗ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಟ್ರ್ಯಾಕ್ಟರು ಓಡಿಸುತ್ತಿದ್ದ. ತೊಂಬತ್ತು ಕೆಜಿ ಆಳು, ಮಲಗಿದರೆ ಸಿಡಿಲು ಬಡಿದರೂ ಏಳದವನು. ಪ್ರಜ್ಞೆ ಇಲ್ಲದ ಗಾಯಾಳು ಎಂದರೆ ಅವನಿಗಿಂತ ಒಳ್ಳೆಯ ಪ್ರತಿರೂಪ ಎಲ್ಲಿ ಸಿಗಬೇಕು? ಹೆಲಿಕಾಪ್ಟರಿನೊಳಗೆ ಅಲುಗಾಟ, ಇಕ್ಕಟ್ಟು, ಸದ್ದು ಇರುತ್ತದೆ. ಅಲ್ಲಿ ಕಟ್ಟುವುದನ್ನು ಎಲ್ಲಿ ಕಲಿಯಲಿ ಎಂದು ಯೋಚಿಸಿ, ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿಗೆ ಅವನನ್ನು ಹತ್ತಿಸಿದೆ. ಕೆಲಸಕ್ಕೆ ಹೋಗುವ ಜನ ಒಬ್ಬರ ಮೇಲೊಬ್ಬರು ನಿಂತಿರುವ ಬೋಗಿ. ಅವನ ಎರಡು ಕೈ, ಒಂದು ಕಾಲು, ತಲೆ ಎಲ್ಲ ಕಟ್ಟಿ, ಐದು ನಿಮಿಷಕ್ಕೊಮ್ಮೆ ಉಗುರು ಒತ್ತಿ ನೋಡುತ್ತಿದ್ದೆ. ಒಬ್ಬ ಹೆಂಗಸು ಮರುಗಿ, “ಅಯ್ಯೋ, ಏನಾಯ್ತಪ್ಪಾ? ಏಳ್ರೋ, ಜಾಗ ಬಿಡ್ರೋ” ಎಂದು ಇಡೀ ಸೀಟು ಖಾಲಿ ಮಾಡಿಸಿದಳು. ಚಲಪತಿ ಸಂತೋಷದಿಂದ ಉದ್ದಕ್ಕೆ ಮಲಗಿ ಗೊರಕೆ ಹೊಡೆದ. ಬೆಂಗಳೂರಿನಲ್ಲಿ ಕಟ್ಟು ಬಿಚ್ಚಿದಾಗ ಅವನು ಎದ್ದು ಕೂತು ಆಕಳಿಸಿ, “ಇಲ್ಲಿ ಬೋಂಡಾ ಎಲ್ಲಿ ಚೆನ್ನಾಗಿರುತ್ತೆ?” ಎಂದು ಕೇಳಿದ. ಆ ತಾಯಿ ನಮ್ಮಿಬ್ಬರಿಗೂ ಪ್ಲಾಟ್‌ಫಾರ್ಮು ಮುಗಿಯುವ ತನಕ ಶಾಪ ಹಾಕಿದಳು. ಹದಿನೈದು ದಿನ ಹೀಗೆ ಮಾಡಿದೆವು, ಬೋಗಿ ಬದಲಾಯಿಸಿಕೊಂಡು.

ಇಲ್ಲಿ ಹುಡುಗರಿಗೆ ಒಂದು ಮಾತು. ವಿಧಾನಗಳು ಬದಲಾಗುತ್ತಲೇ ಇರುತ್ತವೆ. ಕೈಕಾಲಿನ ರಕ್ತ ನಿಲ್ಲಿಸಲು ಮೇಲಿನಿಂದ ಪಟ್ಟಿ ಬಿಗಿಯುವುದು ಕೊನೆಯ ಉಪಾಯ, ಪಾಪ ಮಾಡಿದ ಹಾಗೆ ಹೆದರಿಕೊಂಡು ಮಾಡಬೇಕು ಎಂದು ನಮಗೆ ಕಲಿಸಿದ್ದರು. ಆಮೇಲಾಮೇಲೆ, ಗುಂಡೇಟಿಗೆ ರಕ್ತ ಚಿಮ್ಮುತ್ತಿದ್ದರೆ ಮೊದಲು ಅದನ್ನೇ ಬಿಗಿ, ಬಿಗಿದ ಹೊತ್ತು ಬರೆದಿಡು ಎಂದರು. ಸೇರುವಾಗ ಕಲಿತದ್ದರಲ್ಲಿ ಅರ್ಧವನ್ನು ನಿವೃತ್ತಿಯ ಹೊತ್ತಿಗೆ ಮರೆಯಬೇಕಾಯಿತು. ನೋಡುವ ಕೆಲಸ ಮಾತ್ರ ಯಾರೂ ಬದಲಾಯಿಸಲಿಲ್ಲ.

ಮುಂದಿನ ವರ್ಷ ಮತ್ತೆ ಹೋದೆ. ಅದೇ ಪಡೆ, ಅದೇ ಮೂರು ತಿಂಗಳು, ಅದೇ ಸೋರೆಕಾಯಿ. ರೆಡ್ಡೆಪ್ಪನವರು ನನ್ನನ್ನು ನೋಡಿ ನಗಲೂ ಇಲ್ಲ. ಮೂರು ತಿಂಗಳಲ್ಲಿ ತಂಡದ ಎಲ್ಲರೂ ನನ್ನ ಕೈಗೆ ಒಂದಲ್ಲ ಒಂದು ಗಾಯ ತಂದರು, ಅವರು ಮಾತ್ರ ತರಲಿಲ್ಲ. ಕಾಲಿನ ಬೊಬ್ಬೆಯನ್ನೂ ತಾವೇ ಸೂಜಿ ಹಾಕಿ ನೋಡಿಕೊಂಡರು. ನಾನು ಅದನ್ನು ಗಮನಿಸುತ್ತಾ ಒಳಗೊಳಗೇ ಕುಸಿಯುತ್ತಿದ್ದೆ. ಉಳಿದ ಹತ್ತು ಚೀಟಿ ಏನಾದರೂ ಬರಲಿ, ಹನ್ನೊಂದನೆಯದು ಅವರದು. ಈ ಸಲ ‘ಬೇಡ’ ಬಂದರೆ ಮೂರನೆಯ ಅವಕಾಶ ಇರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಎಲ್ಲರೂ ಚೀಟಿ ಹಾಕಿ ಮುಗಿಸಿದ್ದರು. ಆಫೀಸರು ಬಂದು ಬಿಚ್ಚಬೇಕಿತ್ತು. ರೆಡ್ಡೆಪ್ಪನವರು ಡೇರೆಯ ಗೂಟ ಕೀಳುತ್ತಿದ್ದರು. ಗೂಟಕ್ಕೆ ಸುತ್ತಿದ್ದ ತಂತಿ ಜಾರಿ ಅದೇ ಕೈಯ ಹೆಬ್ಬೆರಳ ಬುಡ ಕೊಯ್ಯಿತು. ಡಾಕ್ಟರ ಡೇರೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಡಾಕ್ಟರು ಬಾಗಿಲಲ್ಲೇ ನಿಂತು ಚಹಾ ಕುಡಿಯುತ್ತಿದ್ದರು. ರೆಡ್ಡೆಪ್ಪನವರು ಅವರನ್ನು ದಾಟಿ ಬಂದರು. ರಕ್ತ ಸುರಿಯುತ್ತಿದ್ದ ಕೈಯನ್ನು ನನ್ನ ಮುಂದೆ ಇಟ್ಟು, ಬೇವಿನ ಮರಕ್ಕೆ ಒರಗಿ ಕೂತು, “ಕಟ್ಟು” ಅಂದರು.

ಕಟ್ಟಿದೆ. ಬೆರಳ ತುದಿ ಐದೂ ಹೊರಗೆ ಬಿಟ್ಟೆ. ಬಿಗಿಯಾಯಿತೇ ಎಂದು ಕೇಳಲು ತಲೆ ಎತ್ತಿದರೆ ಅವರು ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆ ಕೈಯನ್ನು ನನ್ನ ತೊಡೆಯ ಮೇಲೆ ಹಾಗೇ ಬಿಟ್ಟು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.

ಆ ಕಡೆ ಮೈದಾನದಲ್ಲಿ ಆಫೀಸರು ಬಂದರು, ಟೋಪಿ ತಂದರು. “ಮುನಿರಾಜು, ಬಾರೋ, ನಿನ್ನ ಚೀಟಿ ಬಿಚ್ಚುತ್ತಿದ್ದಾರೆ” ಎಂದು ಯಾರೋ ಹಿಂದಿಯಲ್ಲಿ ಕೂಗಿದರು. ನಾನು ಏಳಲಿಲ್ಲ. ಕಟ್ಟಿ ಕಾಲು ಗಂಟೆಯಾಗಿತ್ತು, ಬೆರಳು ನೋಡಬೇಕಿತ್ತು.